ಎರಡು ಹಾಳೆ ಮೇಣ

ಆಗೋದಿಲ್ಲ ಎಂದು ಊರೆಲ್ಲ ಹೇಳಿದ್ದನ್ನು ಆಗುತ್ತದೆ ಎಂದವಳು ಅವಳೊಬ್ಬಳೇ. ಆಯಿತಲ್ಲ! ತಗಡು ಹೊದಿಸಿದ ಶೆಡ್ಡಿನಲ್ಲಿ ಅಕ್ಕನ ಕೆಂಪು ಕಾರು ಜಾಕಿನ ಮೇಲೆ ಮುಂಗಾಲೆತ್ತಿ ನಿಂತಿತ್ತು. ಐವತ್ತರ ಹತ್ತಿರದ ಹೆಂಗಸು ಹೀಗೆ ಕೂರಬಾರದು ಎಂದು ಯಾರಾದರೂ ಹೇಳಬಹುದಾದ ಹಾಗೆ ಸಿಮೆಂಟು ನೆಲದ ಮೇಲೆ ಕಾಲು ಚಾಚಿ ಕೂತು, ಅವಳು ಎಡಗಡೆಯ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿದಳು. ಒಳಗಿನ ಬ್ರೇಕು, ಹಳದಿ ಬಣ್ಣದ್ದು, ಚಕ್ರದ ಕಡ್ಡಿಗಳ ಸಂದಿನಲ್ಲಿ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಸದ್ದಿಲ್ಲ. ಕಿವಿಯನ್ನು ಇನ್ನಷ್ಟು ಹತ್ತಿರ ತಂದಳು. ಆಗಲೂ ಇಲ್ಲ. ಬೇರೆಯವರಿಗೆ ಹಾಡು ಹೇಗೋ ಅವಳಿಗೆ ಈ ನಿಶ್ಶಬ್ದ ಹಾಗೆ. ಅವಳ ಹೊಟ್ಟೆಪಾಡೇ ಅದು: ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಹಲ್ಲು ಕಟ್ಟಿ, ಮೇಲಿನ ದವಡೆ ಕೆಳಗಿನದನ್ನು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿಸಿ, ಎಲ್ಲಿ ಮುಟ್ಟಬಾರದೋ ಅಲ್ಲಿ ಒಂದು ಕಾಗದ ಜಾರುವಷ್ಟು ಜಾಗ ಬಿಡುವುದು. ಇಷ್ಟು ವರ್ಷ ಜನರ ಬಾಯೊಳಗಿನ ಕೂದಲೆಳೆಯಷ್ಟು ಜಾಗವನ್ನು ಆಳಿದವಳಿಗೆ ಒಂದು ಕಾರಿನ ಚಕ್ರ ಯಾವ ಲೆಕ್ಕ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

"ಆಯ್ತೇನೇ?" ಎಂದಳು ಅಕ್ಕ, ಹಿಂದಿನಿಂದ. ಅಕ್ಕ ಶಾಲೆಯೊಂದರ ಹೆಡ್‌ಮಿಸ್ಸು. ನೂರಾರು ಮಕ್ಕಳನ್ನು ಕೇಳುವ ದನಿಯಲ್ಲೇ ತಂಗಿಯನ್ನೂ ಕೇಳುತ್ತಾಳೆ.

"ಆಗ್ದೆ ಏನು."

"ಆ ಟೈರಿನವನು ಬಂದಿದ್ದಾನೆ, ನೋಡಿದ್ಯಾ? ಬೆಳಿಗ್ಗೆಯಿಂದ ಈ ಕಡೆಗೇ ಸುತ್ತು ಹಾಕ್ತಿದ್ದಾನೆ. ಕತ್ತು ಉಳುಕ್ಬೇಕು ಪಾಪ."

"ನೋಡ್ಲಿ ಬಿಡು. ಕಣ್ತುಂಬ ನೋಡ್ಕೊಳ್ಳಿ."

ಇಬ್ಬರೂ ನಕ್ಕರು. ಆಚೆ ತನ್ನ ವ್ಯಾನಿನ ಹಿಂಬಾಗಿಲು ತೆರೆದು ಟೈರುಗಳನ್ನು ಕೆಳಗಿಳಿಸುತ್ತಿದ್ದ ಟೈರಿನವನು ಈ ನಗುವಿನ ಕಡೆ ನೋಡಿ, ನೋಡದವನ ಹಾಗೆ ಮಾಡಿದ. ಭಾನುವಾರಗಳಂದು ಈ ರೇಸ್ ಟ್ರ್ಯಾಕಿಗೆ ಯಾರು ಬೇಕಾದರೂ ತಮ್ಮ ಕಾರು ತಂದು ವೇಗದ ಚಟ ತೀರಿಸಿಕೊಳ್ಳಬಹುದು. ಬಂದವರಿಗೆಲ್ಲ ಟೈರು ಬೇಕು. ಹಾಗಾಗಿ ಅವನು ಬರದೆ ಇರುವ ಭಾನುವಾರವಿಲ್ಲ.

ಈ ಹಳದಿ ಬ್ರೇಕು ಭಾವನದು. ಕಾರು ಅಕ್ಕನದು, ಬ್ರೇಕು ಭಾವನದು. ಮನೆಯಲ್ಲಿ ಹಾಗೆಯೇ ಹೇಳುವುದು ರೂಢಿ. ಭಾವ ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ಅಲ್ಲಿನ ಮೆಲುದನಿಯನ್ನು ಮನೆಗೂ ತಂದುಕೊಂಡವರು. ಹೋದ ವರ್ಷ ಇದೇ ಟ್ರ್ಯಾಕಿನಲ್ಲಿ, ಉದ್ದನೆಯ ನೇರ ಹಾದಿ ಮುಗಿದು ಬಲಕ್ಕೆ ಹೊರಳುವ ತಿರುವಿನಲ್ಲಿ, ಅಕ್ಕ ಬ್ರೇಕು ತುಳಿದರೆ ಕಾದು ಕಾದು ಸೋತುಹೋಗಿದ್ದ ಹಳೆಯ ಬ್ರೇಕು ಹಿಡಿಯಲೇ ಇಲ್ಲ. ಕಾರು ಮರಳಿಗೆ ನುಗ್ಗಿ ಬುಗುರಿಯ ಹಾಗೆ ತಿರುಗಿ ನಿಂತಿತು. ಅಕ್ಕ ಬಾಗಿಲು ತೆಗೆದು ಕೂದಲೊಳಗಿನ ಮರಳು ಕೊಡವಿಕೊಳ್ಳುತ್ತ ನಗುತ್ತಲೇ ಹೊರಬಂದಳು. ಭಾವ ಬೇಲಿ ದಾಟಿ ಓಡಿ ಹೋಗಿದ್ದರು, ಹೋಗಬಾರದ ಜಾಗಕ್ಕೆ. ಕಾವಲಿನವರು ಬೈದರು. ಬೈಸಿಕೊಂಡು ತಲೆಬಗ್ಗಿಸಿ ವಾಪಸು ಬಂದವರು ಮನೆ ತಲುಪುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಒಂದೇ ಮಾತು: "ಓಡಿಸ್ಬೇಡ ಅಂತ ನಾನು ಯಾವತ್ತೂ ಅನ್ನಲ್ಲ. ಆದ್ರೆ ಬ್ರೇಕು ನಾನು ಹೇಳಿದ್ದೇ ಹಾಕಿಸ್ಬೇಕು." ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಬೇಕು ಎಂದು ಕೇಳಿದ್ದು ಅದೊಂದೇ ಇರಬೇಕು. ಹುಡುಕಿ ಹುಡುಕಿ ತಂದರು, ಊಟದ ತಟ್ಟೆಗಿಂತ ದೊಡ್ಡ ಡಿಸ್ಕು, ಅದನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಇಷ್ಟು ದಪ್ಪದ ಕ್ಯಾಲಿಪರು, ಕಬ್ಬಿಣದ ಮುಷ್ಟಿಯಂಥದ್ದು. ಅದಕ್ಕೆ ಹಳೆಯ ಚಕ್ರ ಕೂರಲಿಲ್ಲ. ದೊಡ್ಡ ಚಕ್ರ ಬಂತು. ದೊಡ್ಡ ಚಕ್ರ ಬಂದದ್ದೇ ತಡ, ಅಕ್ಕನ ಗೊಣಗು ಶುರುವಾಯಿತು: ಗಾಡಿ ಭಾರವಾಯ್ತು, ತಿರುವಿನಿಂದ ಎದ್ದು ಬರೋಕೇ ಸೋಮಾರಿತನ ಮಾಡುತ್ತೆ, ಬಸುರಿ ಎಮ್ಮೆ ಓಡಿಸಿದ ಹಾಗಿದೆ. ಭಾವ ಎಲ್ಲ ಕೇಳಿಸಿಕೊಂಡು ಪೇಪರು ಓದುತ್ತಿದ್ದರು. ಎಮ್ಮೆಯಾದರೂ ಸರಿ, ನಿಲ್ಲುತ್ತದಲ್ಲ ಎಂಬುದು ಅವರ ಮುಖದಲ್ಲಿತ್ತು.

ದೊಡ್ಡ ಬ್ರೇಕಿನ ಮೇಲೇ ಚಿಕ್ಕ ಚಕ್ರ ಹಾಕಿದರಾಯಿತು ಎಂದು ಅವಳು ಅಂದದ್ದು ಆಗ, ಊಟದ ಮೇಜಿನಲ್ಲಿ, ಯಾರೂ ಕೇಳದೆ ಇದ್ದಾಗ. ಹಾಗೆ ಯಾರೂ ಕೇಳದೆ ಇದ್ದಾಗ ಹೇಳಿ ಅಭ್ಯಾಸವಾಗಿ ಹೋಗಿದೆ ಅವಳಿಗೆ. ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿ ಕನ್ನಡಿ ಹಿಡಿದು ಹೊಸ ಹಲ್ಲು ನೋಡಿಕೊಂಡು, ಅಬ್ಬಾ ಡಾಕ್ಟ್ರೇ, ನಿಮ್ಮ ಕೈಯಲ್ಲಿ ಏನೋ ಇದೆ ಅನ್ನುತ್ತಾನೆ. ಒಳಗಿನ ಕೋಣೆಯ ಲ್ಯಾಬಿನಲ್ಲಿ, ಮಧ್ಯದ ಬಾಗಿಲು ತೆರೆದೇ ಇರುವಲ್ಲಿ, ಅವಳು ಮುಂದಿನ ಹಲ್ಲಿಗೆ ಬಣ್ಣ ಕಲೆಸುತ್ತಿರುತ್ತಾಳೆ. ಡಾಕ್ಟರು ಒಳ್ಳೆಯ ಮನುಷ್ಯ, ಹೊಗಳಿಕೆಯನ್ನು ನಗುತ್ತ ಇಸಿದುಕೊಳ್ಳುತ್ತಾನೆ, ಒಳಗೆ ಬಂದು ಅವಳಿಗೂ ಸೊಗಸಾಗಿದೆ ಅನ್ನುತ್ತಾನೆ. ಅದು ಅವಮಾನವೇ ಎಂದು ಯಾರನ್ನಾದರೂ ಕೇಳಿದರೆ ಅಲ್ಲ ಎನ್ನುತ್ತಾರೆ. ಅಲ್ಲವೇ ಅಲ್ಲ. ಆದರೂ ಆ ತೆರೆದ ಬಾಗಿಲಿನಿಂದ ಕೇಳಿದ ಮಾತು ಮನೆಗೆ ಹೋದ ಮೇಲೂ ಉಗುರಿನಲ್ಲಿ ಸಿಕ್ಕ ಸಿಬಿರಿನ ಹಾಗೆ ಚುಚ್ಚುತ್ತಿರುತ್ತದೆ.

ಟೈರಿನವನ ಅಂಗಡಿಗೆ ಹೋಗಿ ಕೇಳಿದಾಗ ಅವನು ಗಿರಾಕಿಗಳ ಎದುರಿಗೇ ನಕ್ಕಿದ್ದ. "ಆನೆ ತಲೆಗೆ ಮಗು ಟೋಪಿ ಕೇಳ್ತಿದ್ದೀರಲ್ಲ ಮೇಡಂ!" ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಇನ್ನೇನು ಮಾಡುತ್ತಾಳೆ. ಆದರೆ ಅಂಗಡಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಉಪಾಯ ಹೊಳೆದಿತ್ತು. ಮಾರನೆಯ ದಿನ ಲ್ಯಾಬಿನಿಂದ ಹಲ್ಲು ಕಟ್ಟಲು ಬಳಸುವ ಗುಲಾಬಿ ಮೇಣದ ಹಾಳೆಗಳನ್ನು ತಂದು, ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಭಾವನ ಹಳದಿ ಕ್ಯಾಲಿಪರಿನ ಮೇಲೆ ಒಂದರ ಮೇಲೊಂದು ಎರಡು ಹಾಳೆ ಹೊದಿಸಿದಳು. ಆ ಹೊದಿಕೆಯ ಸಮೇತ, ಚಕ್ರ ಕೂರುವ ನಡುವಿನ ಗುಂಬದ ಸಮೇತ ಅಚ್ಚು ತೆಗೆದು, ಅಚ್ಚಿನೊಳಗೆ ಪ್ಲಾಸ್ಟರು ಸುರಿದಳು. ಒಣಗಿದಾಗ ಭಾವನ ಬ್ರೇಕೇ ಬಿಳಿಯಾಗಿ ಎದ್ದು ಕೂತಿತ್ತು, ಎರಡು ಹಾಳೆ ಮೇಣದಷ್ಟು ದಪ್ಪವಾಗಿ. ಈ ಪ್ಲಾಸ್ಟರು ಯಾವ ಚಕ್ರದೊಳಗೆ ತಿರುಗುತ್ತದೋ ಆ ಚಕ್ರದೊಳಗೆ ನಿಜವಾದ ಬ್ರೇಕಿಗೆ ಎರಡು ಹಾಳೆಯಷ್ಟು ಜಾಗ ಇದ್ದೇ ಇರುತ್ತದೆ, ಅಷ್ಟೇ ಸರಳ. ಅದನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಹೊತ್ತುಕೊಂಡು ಅವಳು ಅಂಗಡಿ ಅಂಗಡಿ ಅಲೆದಳು. "ಇದ್ಯಾರ ದವಡೆ ಮೇಡಂ, ರಾಕ್ಷಸನದಾ?" ಎಂದು ಟೈರಿನವನೇ ಕೇಳಿದ. ಕೊನೆಗೆ ಹಳೆಯ ಚಕ್ರಗಳ ಗುಡ್ಡೆಯಲ್ಲಿ, ಕಡ್ಡಿಗಳು ಹೊರಕ್ಕೆ ಹೊಟ್ಟೆಯುಬ್ಬಿ ಬಾಗಿದ ಒಂದು ಜೊತೆ ಸಿಕ್ಕಿತು. ಪ್ಲಾಸ್ಟರನ್ನು ಒಳಗಿಟ್ಟು ತಿರುಗಿಸಿದಳು. ತಿರುಗಿತು. ಆ ಗುಡ್ಡೆಯ ಮುಂದೆ ನಿಂತು ಅವಳಿಗೆ ಕೇಕೆ ಹಾಕಬೇಕೆನಿಸಿತ್ತು. ಹಾಕಲಿಲ್ಲ, ಚಕ್ರವನ್ನು ಉರುಳಿಸಿಕೊಂಡು ಬಂದಳು.

ಈ ಭಾನುವಾರ ಬೆಳಗಿನ ಸರದಿಗೆ ಅಕ್ಕ ಹೊರಟಳು. ಹೊರಡುವ ಮುಂಚೆ ಹೆಲ್ಮೆಟ್ಟಿನ ಪಟ್ಟಿ ಬಿಗಿಸಿಕೊಳ್ಳುತ್ತ ತಂಗಿಯನ್ನು ನೋಡಿ ಹುಬ್ಬು ಹಾರಿಸಿದಳು, ಚಿಕ್ಕಂದಿನಲ್ಲಿ ಕಾಂಪೌಂಡು ಹಾರುವ ಮುಂಚೆ ಹಾರಿಸುತ್ತಿದ್ದ ಹಾಗೆ. ಭಾವ ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡ, ಸುತ್ತಿನ ಹೊತ್ತು ಅಳೆಯುವ ಸ್ಟಾಪ್‌ವಾಚ್ ಗಡಿಯಾರವನ್ನು ಕೈಗೆತ್ತಿಕೊಂಡು ಟ್ರ್ಯಾಕಿನ ಪಕ್ಕದ ತಗ್ಗು ಗೋಡೆಯ ಹತ್ತಿರ ಹೋಗಿ ನಿಂತರು. ಮೊದಲ ಸುತ್ತಿನಲ್ಲೇ ಗೊತ್ತಾಯಿತು. ತಿರುವಿನಿಂದ ಹೊರಬೀಳುವಾಗ ಕಾರು ಮೊದಲಿನ ಹಾಗೆ ಯೋಚಿಸುತ್ತ ನಿಲ್ಲಲಿಲ್ಲ, ಚಿಮ್ಮಿತು. ಒಂದು ಚಿಕ್ಕ ಚಕ್ರ, ಎರಡು ಹಾಳೆ ಮೇಣ, ಎಂದು ತನಗೆ ತಾನೇ ಹೇಳಿಕೊಂಡಳು, ಬೇರೆ ಯಾರೂ ಹೇಳುವವರಿರಲಿಲ್ಲವಾದ್ದರಿಂದ. ಅಕ್ಕ ವಾಪಸು ಬಂದಾಗ ಸುತ್ತ ಜನ ಸೇರಿದರು. ಏನು ಕೈ ಮೇಡಂ ನಿಮ್ಮದು, ಈ ವಯಸ್ಸಿನಲ್ಲಿ, ಅಬ್ಬಬ್ಬ. ಅಕ್ಕ ಎಲ್ಲವನ್ನೂ ಇಸಿದುಕೊಂಡು, ಆಮೇಲೆ ಬಹುಮಾನ ಹಂಚುವ ದಿನದ ದನಿಯಲ್ಲಿ, "ಚಕ್ರ ಹಾಕಿದ್ದು ನನ್ನ ತಂಗಿ, ಅವಳಿಗೂ ಹೇಳಿ" ಎಂದಳು. ಎಲ್ಲರೂ ಅವಳ ಕಡೆ ತಿರುಗಿ ಓಹೋ ಎಂದರು. ಸಮಾಧಾನಕರ ಬಹುಮಾನ ಹಿಡಿದು ವೇದಿಕೆ ಇಳಿಯುವ ಹುಡುಗಿಯ ಹಾಗಾಯಿತು ಅವಳಿಗೆ. ಅಕ್ಕನ ಮನಸ್ಸಿನಲ್ಲಿ ಏನೂ ಇಲ್ಲ ಎಂಬುದು ಅವಳಿಗೆ ಗೊತ್ತು. ಏನೂ ಇಲ್ಲದೆಯೇ ಹೀಗಾಗುತ್ತದಲ್ಲ ಎಂಬುದೇ ಅವಳ ಸಂಕಟ.

ಆದರೆ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಬೂದು ಬಣ್ಣದ ಕಾರಿನ ಗಡ್ಡದವನೊಬ್ಬ ಬಂದು, ನನ್ನದಕ್ಕೂ ಇದೇ ಪಾಡು, ದೊಡ್ಡ ಬ್ರೇಕು ಹಾಕಿಸಿ ಕೂತಿದ್ದೇನೆ, ಸ್ವಲ್ಪ ಬಂದು ನೋಡ್ತೀರಾ ಎಂದು ಕೇಳಿದ. ಅಕ್ಕನನ್ನಲ್ಲ, ಅವಳನ್ನು. ಅವಳು ಟಾರ್ಚು ತೆಗೆದುಕೊಂಡು ಕೊನೆಯ ಶೆಡ್ಡಿಗೆ ಹೋದಳು. ಗಡ್ಡದವನ ಸ್ನೇಹಿತರೂ ಬಂದರು. ಟೈರಿನವನೂ ಮೆಲ್ಲಗೆ ಬಂದು ಹಿಂದೆ ನಿಂತ. ಅವಳು ಚಕ್ರದೊಳಗೆ ಬೆಳಕು ಬಿಟ್ಟು ವಿವರಿಸಿದಳು, ಎಲ್ಲಿ ಕಡ್ಡಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ, ಅಂಚಿನ ಅಳತೆ ನೋಡಿ ಮೋಸ ಹೋಗಬಾರದು, ಕಡ್ಡಿಯ ಹೊಟ್ಟೆ ನೋಡಬೇಕು. "ನಮ್ಮ ಕಸುಬಿನಲ್ಲಿ ಒಂದೇ ಶಾಸ್ತ್ರ" ಎಂದಳು. "ಬಾಯಿ ಹೇಗಿದೆಯೋ ಹಾಗೇ ಅಳೀಬೇಕು. ಹೇಗಿರಬೇಕಿತ್ತು ಅಂತ ಅಲ್ಲ, ಮುಂದೆ ಹೇಗಾಗುತ್ತೆ ಅಂತಾನೂ ಅಲ್ಲ. ಇವತ್ತು ಹೇಗಿದೆಯೋ ಹಾಗೆ." ಅವರು ತಲೆಯಾಡಿಸಿದರು. ಟೈರಿನವನು, "ನಾನು ನಕ್ಕಿದ್ದಕ್ಕೆ ಏನೂ ಅನ್ಕೋಬೇಡಿ ಮೇಡಂ" ಎಂದ. ಛೇ, ಅದೆಲ್ಲ ಏನಿಲ್ಲ ಎಂದಳು ಅವಳು, ಮತ್ತು ಅವನು ಇನ್ನೊಂದು ಸಲ ಹೇಳಲಿ ಎಂದು ಕಾದಳು. ಬಿಸಿಲು, ರಬ್ಬರಿನ ವಾಸನೆ, ತನ್ನ ಮಾತಿಗೆ ಸುಮ್ಮನಾಗುವ ಗಂಡಸರು. ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಎನಿಸಿತು. ಇದ್ದಳು.

ಅವಳು ತಿರುಗಿ ಬರುವಾಗ ಅಕ್ಕನ ಕಾರು ಆಗಲೇ ಶೆಡ್ಡಿನಿಂದ ಜಾರಿ ಟ್ರ್ಯಾಕಿನ ಬಾಯಿಗೆ ಹೋಗಿಯಾಗಿತ್ತು. ಭಾವ ಕೈ ಒರೆಸಿಕೊಳ್ಳುತ್ತ ನಿಂತಿದ್ದರು, ಮೊಣಕೈವರೆಗೂ ಕಪ್ಪು. ಮುಖದಲ್ಲಿ ಪರೀಕ್ಷೆ ಮುಗಿಸಿ ಬಂದ ಹುಡುಗನ ಕಳೆ.

"ಬ್ರೇಕಿಗೆ ಹೊಸ ಪ್ಯಾಡ್ ಹಾಕಿಬಿಟ್ಟೆ ಕಣೇ" ಎಂದರು. "ಹಳೇವು ಸವೆದಿದ್ವು. ಮಧ್ಯಾಹ್ನ ಅವಳು ಜೋರಾಗಿ ಹೋಗ್ತಾಳೆ, ನಂಗೊತ್ತಲ್ಲ. ನಿನ್ನ ಕೂಗೋಣ ಅಂದ್ಕೊಂಡೆ, ನೀನು ಅಲ್ಲಿ ಪಾಠ ಹೇಳ್ತಾ ಇದ್ದೆ, ಚೆನ್ನಾಗಿತ್ತು ನೋಡೋಕೆ. ಸುಮ್ನಾದೆ."

"ಒಬ್ರೇ ಹಾಕಿದ್ರಾ?"

"ಒಬ್ನೇ! ಚಕ್ರಾನೂ ನಾನೇ ಕೂರಿಸ್ದೆ. ನಿನ್ನ ಥರಾನೇ ಕಿವಿ ಇಟ್ಟು ತಿರುಗಿಸಿ ನೋಡ್ದೆ. ಒಂಚೂರೂ ಸದ್ದಿಲ್ಲ."

ಭೇಷ್ ಭಾವ ಎಂದಳು ಅವಳು. ನಿಜವಾಗಿಯೂ ಖುಷಿಯಿಂದಲೇ ಎಂದಳು. ಭಾವ ಗಡಿಯಾರ ಹಿಡಿದು ಗೋಡೆಯ ಕಡೆ ಹೋದರು. ಅವಳು ಅವರು ಬಿಟ್ಟುಹೋದದ್ದನ್ನೆಲ್ಲ ಎತ್ತಿಡಲು ಕೂತಳು. ಬಟ್ಟೆಯ ಮೇಲೆ ಹಳೆಯ ಪ್ಯಾಡುಗಳು ಇದ್ದವು, ಪಕ್ಕದಲ್ಲಿ ಹೊಸವು ಬಂದ ಖಾಲಿ ಡಬ್ಬ. ಡಬ್ಬದೊಳಗೆ ಸ್ಪಂಜಿನಲ್ಲಿ ಹೊಸ ಪ್ಯಾಡಿನ ಆಕಾರಕ್ಕೇ, ಅದರ ದಪ್ಪಕ್ಕೇ ಕೊರೆದ ಗುಂಡಿಗಳು. ಹಳೆಯದೊಂದನ್ನು ತೆಗೆದು, ಎಸೆಯುವ ಮುಂಚೆ ಸುಮ್ಮನೆ, ಆ ಗುಂಡಿಯಲ್ಲಿ ಇಟ್ಟಳು. ಅದು ತಳಕ್ಕೆ ಇಳಿದು ಕೂತಿತು. ಅದರ ಮೇಲ್ಮೈಯಿಂದ ಸ್ಪಂಜಿನ ಅಂಚಿನವರೆಗೆ ಒಂದಿಷ್ಟು ಜಾಗ ಉಳಿಯಿತು. ಅವಳ ಕಣ್ಣಿಗೆ ಆ ಜಾಗದ ಪರಿಚಯವಿತ್ತು. ದಿನಾ ಕೈಯಲ್ಲಿ ಹಿಡಿಯುವ ದಪ್ಪ ಅದು. ಎರಡು ಹಾಳೆ ಮೇಣ.

ಕ್ಯಾಲಿಪರು ಮುಷ್ಟಿ, ಅದು ಡಿಸ್ಕಿಗೆ ಒತ್ತಿ ಹಿಡಿಯುವುದು ಈ ಪ್ಯಾಡುಗಳನ್ನು. ದಪ್ಪ ಪುಸ್ತಕ ಹಿಡಿದ ಕೈಯ ಬೆರಳು ತೆಳ್ಳಗಿನ ಪುಸ್ತಕ ಹಿಡಿದ ಕೈಗಿಂತ ಆಚೆಗೆ ನಿಲ್ಲುತ್ತದೆ. ಇದು ಗೊತ್ತಾಗಲು ಯಾವ ವಿದ್ಯೆಯೂ ಬೇಡ. ಪ್ಯಾಡು ಸವೆದ ಹಾಗೆಲ್ಲ ಆ ಮುಷ್ಟಿ ಒಳಕ್ಕೆ ಸರಿದಿರುತ್ತದೆ, ಹೊಸ ಪ್ಯಾಡು ಹಾಕಿದರೆ ಅಷ್ಟೂ ಹೊರಕ್ಕೆ, ಚಕ್ರದ ಕಡ್ಡಿಗಳ ಕಡೆಗೆ ಬರುತ್ತದೆ. ಅವಳು ಅಳೆದದ್ದು ಸವೆದ ಪ್ಯಾಡಿನ ಬ್ರೇಕನ್ನು. ಬಾಯಿ ಹೇಗಿತ್ತೋ ಹಾಗೆ. ಇನ್ನೂ ಬಾಯಲ್ಲಿ ರುಚಿ ಆರದ ಆ ಶಾಸ್ತ್ರವೇ ತಿರುಗಿ ಬಂದು ಅವಳ ಕೆನ್ನೆಗೆ ಬಾರಿಸಿತು. ಹಲ್ಲು ಕಟ್ಟುವ ಲೋಕದಲ್ಲಿ ಯಾರ ದವಡೆಯೂ ಒಂದು ಮಧ್ಯಾಹ್ನದಲ್ಲಿ ದಪ್ಪವಾಗುವುದಿಲ್ಲ. ಕಾರಿನ ಕೆಲಸ ಬಲ್ಲ ಯಾವ ಸಾಮಾನ್ಯ ಮೆಕ್ಯಾನಿಕ್ಕೂ ಮಾಡದ ತಪ್ಪು, ಅವಳಷ್ಟು ನಾಜೂಕಾಗಿ ಅಳೆಯಬಲ್ಲವಳು ಮಾತ್ರ ಮಾಡಬಹುದಾದ ತಪ್ಪು. ಭಾವ ಕಿವಿಯಿಟ್ಟಾಗ ಸದ್ದಿರಲಿಲ್ಲ, ಅಂದರೆ ಒಂದು ಕಾಗದದಷ್ಟು ಜಾಗವಿರಬಹುದು. ಜಾಕಿನ ಮೇಲೆ, ತಣ್ಣಗಿದ್ದಾಗ. ಆದರೆ ಬಿಸಿಯೇರಿದ ಮೇಲೆ, ಕಾರಿನ ಭಾರವೆಲ್ಲ ಒಂದು ಬದಿಗೆ ಬಿದ್ದು ಚಕ್ರ ಕಣ್ಣಿಗೆ ಕಾಣದಷ್ಟು ಬಾಗುವ ಆ ಬಲ ತಿರುವಿನಲ್ಲಿ, ಕಡ್ಡಿ ಕ್ಯಾಲಿಪರಿಗೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಕಡ್ಡಿ ಮುರಿದರೆ ಚಕ್ರ ಕಳಚುತ್ತದೆ. ಚಕ್ರ ಕಳಚಿದರೆ ಅಕ್ಕ.

ಅವಳು ಎದ್ದು ಗೋಡೆಯ ಹತ್ತಿರ ಬರುವಷ್ಟರಲ್ಲಿ ಅಕ್ಕ ಟೈರು ಬಿಸಿ ಮಾಡಿಕೊಳ್ಳುವ ಮೊದಲ ನಿಧಾನದ ಸುತ್ತು ಮುಗಿಸಿ ಎದುರಿಗೇ ಹಾದುಹೋದಳು, ಕೆಂಪಗೆ, ನೀಟಾಗಿ. ಬಾವುಟದವನು ಗೋಡೆಯ ಆ ತುದಿಯಲ್ಲಿ ಮರದ ಪೆಟ್ಟಿಗೆಯೊಂದರ ಮೇಲೆ ನಿಂತಿದ್ದ. ಅವನಿಗೆ ಒಂದು ಮಾತು ಹೇಳಿದರೆ ಕರಿ ಬಾವುಟ ಎತ್ತಿ ಅಕ್ಕನ ನಂಬರು ತೋರಿಸುತ್ತಾನೆ, ಕಾರು ಒಳಗೆ ಬರುತ್ತದೆ. ಇಷ್ಟೇ. ಅವಳ ಕಾಲು ಆ ಕಡೆ ಎರಡು ಹೆಜ್ಜೆ ಇಟ್ಟೂ ಇಟ್ಟಿತು. ಟೈರಿನವನು ಗೋಡೆಗೆ ಒರಗಿ ನಿಂತಿದ್ದ. ಗಡ್ಡದವನೂ ಅವನ ಸ್ನೇಹಿತರೂ ನೋಡಲೆಂದೇ ಬಂದಿದ್ದರು, ಆ ಚಕ್ರಗಳನ್ನು. "ಈಗ ನೋಡಿ ಮೇಡಂ, ಈ ಸುತ್ತು ನೋಡಿ" ಎಂದ ಗಡ್ಡದವನು. ಕಾರು ಮೊದಲ ತಿರುವಿನಿಂದ ಚಿಮ್ಮಿತು. ಬೆಳಿಗ್ಗೆಗಿಂತಲೂ ಚೆನ್ನಾಗಿ. ಎರಡನೆಯದರಿಂದಲೂ. ಒಂದು ಕಾಗದದಷ್ಟು ಜಾಗ ಎಂದರೆ ಜಾಗವೇ, ಎಂದಿತು ಅವಳೊಳಗಿನ ಒಂದು ದನಿ, ಲ್ಯಾಬಿನ ದೀಪದ ಕೆಳಗೆ ಅವಳು ದಿನಾ ಕೇಳುವ, ಯಾವತ್ತೂ ಸುಳ್ಳಾಗದ ದನಿ. ಕಾಗದ ಜಾರಿದರೆ ಮುಟ್ಟಿಲ್ಲ ಎಂದರ್ಥ. ಮುಟ್ಟಿಲ್ಲ. ಇದೊಂದು ಸುತ್ತು. ಇದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು. ಭಾವ ಗೋಡೆಯ ಮೇಲೆ ಬಗ್ಗಿ ಗಡಿಯಾರ ನೋಡುತ್ತ ಅಬ್ಬಾ, ಅಬ್ಬಾ ಎನ್ನುತ್ತಿದ್ದರು. ಗ್ರಂಥಾಲಯದ ಮನುಷ್ಯ ಕೂಗುತ್ತಿದ್ದರು: "ಬಾ! ಬಾ ಬಾ ಬಾ!" ಗಡಿಯಾರವನ್ನು ಎದೆಯ ಮೇಲೆ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದರು. ದೂರದಲ್ಲಿ ನೇರ ಹಾದಿಯ ಕೊನೆಗೆ ಕೆಂಪು ಚುಕ್ಕೆ ಬಲಕ್ಕೆ ಹೊರಳಿತು, ಮರಳಿನ ಅಂಚಿನಲ್ಲಿ ಹಾದು, ಹೊರಬಂತು. ಆ ಹೊರಳುವ ಕ್ಷಣದಲ್ಲಿ ಅವಳು ಉಸಿರಾಡಿರಲಿಲ್ಲ. ಅದು ಭಯದಿಂದ ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಭಯದಿಂದ ಅಲ್ಲ. ತನ್ನ ಚಕ್ರ ಓಡುವುದನ್ನು ಇನ್ನೂ ನೋಡುವ ಆಸೆಯಿಂದ.

ಹೊರಬಂದದ್ದು ಕಂಡ ಮೇಲೆ ಅವಳು ಓಡಿದಳು. ಚಪ್ಪಲಿ ಜಾರಿತು, ಯಾರದೋ ಕುರ್ಚಿ ಉರುಳಿತು. ಪೆಟ್ಟಿಗೆಯ ಹತ್ತಿರ ಬಂದು ಬಾವುಟದವನ ಪ್ಯಾಂಟು ಹಿಡಿದು ಎಳೆದಳು.

"ಕೆಂಪು ಕಾರು ನಿಲ್ಸಿ! ಒಳಗೆ ಕರೀರಿ!"

"ಯಾಕೆ? ಏನಾಗಿದೆ? ಎಲ್ಲ ಸರಿಯಾಗೇ ಹೋಗ್ತಿದೆಯಲ್ಲಮ್ಮ."

"ಸರಿಯಾಗಿಲ್ಲ. ಚಕ್ರ ನಾನೇ ಹಾಕಿದ್ದು, ಅದು ತಪ್ಪಾಗಿದೆ. ಎತ್ತಿ ಬಾವುಟ!"

ಅವಳ ಕೂಗು ಗೋಡೆಯುದ್ದಕ್ಕೂ ಕೇಳಿಸಿರಬೇಕು, ಜನ ತಿರುಗಿದರು. ಬಾವುಟ ಎದ್ದಿತು. ಅಕ್ಕ ಆ ಅತಿ ಚೆಂದದ ಸುತ್ತನ್ನು ಮುಗಿಸಿ ಬಾವುಟದ ಎದುರಿಗೆ ಹಾದಳು, ಕಂಡಳು, ವೇಗ ಇಳಿಸಿದಳು. ಒಳಗೆ ಬರಬೇಕಾದರೆ ಇನ್ನೊಂದು ಸುತ್ತು ಹಾಕಿಯೇ ಬರಬೇಕು. ಆ ನಿಧಾನದ ಸುತ್ತು ಮುಗಿಯುವುದೇ ಇಲ್ಲ ಎನಿಸಿತು. ಭಾವ ಬಂದು ಪಕ್ಕದಲ್ಲಿ ನಿಂತರು. ಏನು ಎಂದು ಕೇಳಿದರು, ಹೇಳಿದಳು: ಪ್ಯಾಡು, ಮುಷ್ಟಿ, ಎರಡು ಹಾಳೆ. ಭಾವ ಅರ್ಥವಾಗುತ್ತ ಹೋದ ಹಾಗೆ ತಮ್ಮ ಕಪ್ಪಾದ ಕೈಗಳನ್ನು ನೋಡಿಕೊಂಡರು.

ಕಾರು ಶೆಡ್ಡಿನೊಳಗೆ ಬಂತು. ಅಕ್ಕ ಹೆಲ್ಮೆಟ್ಟು ತೆಗೆದು, "ಯಾರು ಎತ್ತಿಸಿದ್ದು ಬಾವುಟ? ನನ್ನ ಜನ್ಮದಲ್ಲೇ ಅಂಥ ಸುತ್ತು ಹೊಡೆದಿರಲಿಲ್ಲ!" ಎಂದಳು. ಟೈರಿನವನೇ ಜಾಕು ಕೊಟ್ಟ, ಅವಳು ನಟ್ಟು ಬಿಚ್ಚಿದಳು, ಚಕ್ರವನ್ನು ಇಬ್ಬರೂ ಹಿಡಿದು ಎಳೆದರು. ಹಳದಿ ಕ್ಯಾಲಿಪರಿನ ಬೆನ್ನ ಮೇಲೆ ಬಣ್ಣ ಹಾರಿ ಬೆಳ್ಳಗೆ ಹೊಳೆಯುವ ಒಂದು ಗೀರು, ಹೊಸದು. ಚಕ್ರ ಕವುಚಿ ನೋಡಿದರೆ ಐದು ಕಡ್ಡಿಗಳ ಬೆನ್ನಿನಲ್ಲೂ ಅದೇ ಹೊಳಪು, ಒಂದರಲ್ಲಿ ಬೆರಳುಗುರು ಸಿಕ್ಕಿಕೊಳ್ಳುವಷ್ಟು ಆಳ. ಶೆಡ್ಡಿನಲ್ಲಿ ಬಿಸಿ ಲೋಹ ಟಿಕ್ಕೆನ್ನುತ್ತ ತಣಿಯುತ್ತಿತ್ತು.

"ಇನ್ನೆರಡು ಸುತ್ತು ಹೋಗಿದ್ರೆ..." ಎಂದ ಟೈರಿನವನು. ಆಮೇಲೆ ಅವಳ ಕಡೆ ತಿರುಗಿ, ಈ ಸಲ ನಗದೆ, "ಗೊತ್ತಾದ ತಕ್ಷಣ ಓಡಿದ್ರಲ್ಲ ಮೇಡಂ. ಅಷ್ಟು ಜನರ ಎದುರಿಗೆ ನನ್ನ ತಪ್ಪು ಅಂತ ಕೂಗೋಕೆ ಎದೆಗಾರಿಕೆ ಬೇಕು" ಎಂದ. ಹೌದು ಹೌದು ಎಂದರು ಗಡ್ಡದವನ ಕಡೆಯವರು. ಎಷ್ಟು ವರ್ಷದಿಂದ ಕಾದಿದ್ದಳೋ ಅದು ಈಗ ಬಂತು, ನೇರವಾಗಿ, ಅವಳಿಗೇ, ಯಾರ ಮೂಲಕವೂ ಅಲ್ಲದೆ.

"ಅವಳ ತಪ್ಪೇನಿದೆ?" ಎಂದರು ಭಾವ. ದನಿ ಸಣ್ಣಗಾಗಿತ್ತು. "ಅವಳು ಸರಿಯಾಗೇ ಹಾಕಿದ್ಲು. ಬೆಳಿಗ್ಗೆ ಓಡಲಿಲ್ವಾ? ಕೇಳ್ದೆ ಪ್ಯಾಡ್ ಬದಲಾಯಿಸಿದ್ದು ನಾನು. ದೊಡ್ಡ ಮೇಧಾವಿ ಥರ. ನಾನೇ ನನ್ನ ಕೈಯಾರೆ..." ಅವರು ಅಕ್ಕನ ಮುಖ ನೋಡಲಾರದೆ ನೆಲ ನೋಡಿದರು.

ಸುಮ್ಮನಿದ್ದರೆ ಆಗುತ್ತಿತ್ತು. ಎಲ್ಲ ತನ್ನಿಂದ ತಾನೇ ಸರಿಹೋಗುತ್ತಿತ್ತು, ಹೊಗಳಿಕೆ ಅವಳಿಗೆ, ತಪ್ಪು ಭಾವನಿಗೆ, ಜೀವ ಅಕ್ಕನಿಗೆ. ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು.

"ಅಳತೆ ತಪ್ಪಿದ್ದು ನಾನು ಭಾವ, ಪ್ಯಾಡ್ ಹಾಕಿದ್ದರಲ್ಲಿ ತಪ್ಪಿಲ್ಲ" ಎಂದಳು. "ಮತ್ತೆ ತಕ್ಷಣ ಓಡ್ಲಿಲ್ಲ ನಾನು. ಗೊತ್ತಾದ ಮೇಲೆ ಒಂದು ಸುತ್ತು ಬಿಟ್ಟೆ."

"ಬಿಟ್ಟೆ ಅಂದ್ರೆ?" ಎಂದಳು ಅಕ್ಕ.

"ಬಿಟ್ಟೆ. ನೋಡ್ತಾ ನಿಂತೆ. ಅಷ್ಟು ಚೆನ್ನಾಗಿ ಹೋಗ್ತಿತ್ತಲ್ಲ, ನಿಲ್ಸೋಕೆ ಮನಸ್ಸಾಗ್ಲಿಲ್ಲ."

ಟೈರಿನವನು ಗಡ್ಡದವನ ತೋಳು ಮುಟ್ಟಿದ. ಅವರು ಒಬ್ಬೊಬ್ಬರಾಗಿ ಹೊರಗೆ ಹೋದರು. ಅಕ್ಕ ಬೈಯುತ್ತಾಳೆ ಎಂದು ಅವಳು ಕಾದಳು, ಕೆನ್ನೆಗೆ ಹೊಡೆದರೂ ಹೊಡೆಯಲಿ ಎನಿಸಿತು. ಅಕ್ಕ ಕೈಗವುಸು ಬಿಚ್ಚುತ್ತಿದ್ದಳು, ಒಂದೊಂದೇ ಬೆರಳು ಎಳೆದು.

"ನಂಗೂ ಕೇಳಿಸ್ತು" ಎಂದಳು ಅಕ್ಕ.

"ಏನು?"

"ಮೊದಲ ತಿರುವಿನಲ್ಲೇ. ಕರ್ ಕರ್ ಅಂತ, ಸಣ್ಣದಾಗಿ. ಪ್ರತಿ ತಿರುವಿನಲ್ಲೂ ಇತ್ತು. ಏನೋ ತಾಗ್ತಿದೆ ಅಂತ ಗೊತ್ತಾಯ್ತು. ಈ ಸುತ್ತು ಮುಗಿಸ್ಕೊಂಡು ಬರೋಣ ಅಂತ... ಆಕ್ಸಿಲರೇಟರ್ ತುಳಿದೆ." ಅವಳು ತಂಗಿಯನ್ನು ನೋಡಿದಳು. ಇಬ್ಬರ ಮುಖದಲ್ಲೂ ಒಂದೇ ನಗು ಬರಲು ಹವಣಿಸುತ್ತಿತ್ತು. ಛೀ, ಬರಬಾರದಿತ್ತು, ಆದರೆ ಬರುತ್ತಿತ್ತು. ಹುಟ್ಟಿದಂದಿನಿಂದ ಅಕ್ಕನಿಗೆ ತಾನು ಇಷ್ಟು ಹತ್ತಿರ ಯಾವತ್ತೂ ಇರಲಿಲ್ಲ ಎಂದು ಅವಳಿಗೆ ಅನಿಸಿತು, ಸಂತೋಷವಾಯಿತು.

ಭಾವ ಮೂಲೆಯಲ್ಲಿ ಪೇರಿಸಿಟ್ಟ ದೊಡ್ಡ ಚಕ್ರಗಳ ಮೇಲೆ ಕೂತರು. ಕುತ್ತಿಗೆಯಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು, ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ.

"ಅವಳಿಗೂ ಗೊತ್ತಿತ್ತು. ನಿಂಗೂ ಗೊತ್ತಿತ್ತು" ಎಂದರು ಭಾವ, ಯಾರನ್ನೂ ನೋಡದೆ.

"ರೀ..." ಎಂದಳು ಅಕ್ಕ.

"ನಂಗೊಬ್ಬನಿಗೇ ಗೊತ್ತಿರಲಿಲ್ಲ. ನಾನು ಇಲ್ಲಿ ನಿಂತ್ಕೊಂಡು ಬಾ ಬಾ ಅಂತ ಕೂಗ್ತಿದ್ದೆ. ಚಪ್ಪಾಳೆ ತಟ್ತಾ ಇದ್ದೆ ಕಣ್ರೇ."

ಅವರು ಎರಡೂ ಅಂಗೈಗಳನ್ನು ಅಕ್ಕತಂಗಿಯರ ಮುಂದೆ ಬಿಚ್ಚಿ ಹಿಡಿದರು. ಎಣ್ಣೆಯ ಕಪ್ಪಿನ ನಡುವೆ ಅವು ಇನ್ನೂ ಕೆಂಪಗಿದ್ದವು.